ಡ್ಯಾಶ್‌ಬೋರ್ಡಿನ ಹಿಂದಿನ ತೂತು

ಇಪ್ಪತ್ತು ವರ್ಷ ದಾಟಿದ ಕಾರಿಗೆ ಎ.ಸಿ. ಕೂರಿಸುವುದೆಂದರೆ ಹಲ್ಲಿಲ್ಲದ ಅಜ್ಜನ ಕೈಗೆ ಕಬ್ಬು ಕೊಟ್ಟ ಹಾಗೆ ಎಂದು ತಂಪು ಮೇಸ್ತ್ರಿ ಗಿರಾಕಿಗಳಿಗೆಲ್ಲ ಹೇಳುತ್ತಿದ್ದ. ಕಾರುಗಳಿಗೆ ಎ.ಸಿ. ಹಾಕುವುದೇ ಅವನ ಕಸುಬು. ಹಳೆ ಕಾರು ತಂದವರನ್ನು ನಾಲ್ಕು ತಮಾಷೆ ಮಾತಾಡಿ ಸಾಗಹಾಕುತ್ತಿದ್ದ. ಈ ಸಲ ಹಾಗೆ ಮಾಡುವಂತಿರಲಿಲ್ಲ. ಕಾರು ಬಾವನದು, ಕೇಳಿದವಳು ಅಕ್ಕ.

ಅಕ್ಕನಿಗೆ ಐವತ್ತು ತುಂಬಿ, ಮುಟ್ಟು ನಿಲ್ಲುವ ಕಾಲದ ಉರಿ ಶುರುವಾಗಿತ್ತು. ಕೂತಲ್ಲೇ ಮುಖ ಕೆಂಪಾಗಿ ಸೀರೆಯೆಲ್ಲ ಒದ್ದೆಯಾಗುತ್ತಿತ್ತು. ಮಗಳ ಮನೆ ಹೆದ್ದಾರಿಯಲ್ಲಿ ಮೂರು ಗಂಟೆಯ ದಾರಿ. ಮೊಮ್ಮಗು ಹುಟ್ಟಿ ನಾಲ್ಕು ತಿಂಗಳಾದರೂ ಎರಡೇ ಸಲ ನೋಡಿ ಬಂದಿದ್ದಳು.

"ನಿನ್ನ ಬಾವನ ಕಾರಲ್ಲಿ ಕೂತ್ರೆ ಬಾಣಲೆಗೆ ಬಿದ್ದ ಹಾಗಾಗತ್ತೆ ಕಣೋ. ಏನಾದ್ರೂ ಮಾಡು," ಎಂದಳು. ಅಮ್ಮ ಸತ್ತಾಗ ಅವನಿಗೆ ಎಂಟು ವರ್ಷ. ಅಂದಿನಿಂದ ಉಣಿಸಿ, ಬೈದು, ಬೆಳೆಸಿದವಳು ಇವಳು. ಅವಳ ಮಾತು ತೆಗೆದುಹಾಕುವುದುಂಟೇ?

ಬಾವನ ಮನೆಯಂಗಳದಲ್ಲೇ ಎರಡು ದಿನ ಕೆಲಸ ನಡೆಯಿತು. ಬಾವ ಕುರ್ಚಿ ಹಾಕಿಕೊಂಡು ಪಕ್ಕದಲ್ಲೇ ಕೂತಿದ್ದ.

"ಅಕ್ಕನಿಗೆ ಅಂತ ಇಷ್ಟು ನಾಜೂಕು. ನಂಗೆ ಅಂದಿದ್ರೆ ಒಂದು ಬೀಸಣಿಗೆ ಕಟ್ಟಿ ಕಳಿಸ್ತಿದ್ದೆ, ಅಲ್ವೇನೋ?"

"ನಿಮಗೆ ಬೀಸಣಿಗೆಯೂ ದಂಡ ಬಾವ. ನೀವು ಬಾಯಿ ತೆಗೆದ್ರೆ ಸಾಕು, ಊರಿಗೆಲ್ಲ ಗಾಳಿ."

ಎಂಜಿನ್ನಿನ ಮಗ್ಗುಲಿಗೆ ಕಂಪ್ರೆಸರ್ ಕೂತಿತು, ರೇಡಿಯೇಟರ್ ಮುಂದೆ ಕಾವು ಹೊರಹಾಕುವ ಜಾಲರಿ ಕೂತಿತು. ಒಳಗೆ ತಂಪು ಗಾಳಿ ಬಿಡುವ ಪೆಟ್ಟಿಗೆಗೆ ಡ್ಯಾಶ್‌ಬೋರ್ಡ್ ಕೆಳಗೆ ಹೇಗೋ ಜಾಗವಾಯಿತು. ಹೊರಗಿನವನ್ನೂ ಒಳಗಿನ ಪೆಟ್ಟಿಗೆಯನ್ನೂ ಕೂಡಿಸುವ ಪೈಪುಗಳು ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡನ್ನು ತೂರಿ ಬರಬೇಕು. ಹೊಸ ಕಾರಾದರೆ ಕಂಪನಿಯವರೇ ತೂತು ಬಿಟ್ಟಿರುತ್ತಾರೆ. ಇದಕ್ಕೆ ಇವನೇ ಕೊರೆಯಬೇಕಾಯಿತು. ಅಂದಾಜು ತಪ್ಪಿ ಮೊದಲ ತೂತು ವೈಪರ್ ಮೋಟಾರಿಗೆ ಎದುರಾಗಿ ಬಿತ್ತು. ಬೈದುಕೊಂಡು ನಾಲ್ಕು ಬೆರಳು ಆಚೆ ಇನ್ನೊಂದು ಕೊರೆದ. ಹಾಳಾದ ತೂತಿಗೆ ಸದ್ಯಕ್ಕೆ ಟೇಪು ಅಂಟಿಸಿದ.

ಎಂಜಿನ್ ಚಾಲೂ ಮಾಡಿದಾಗ ಸೈಲೆನ್ಸರ್ ಕೊಳವೆ ಎಂಜಿನ್ನಿಗೆ ಸೇರುವ ಕಡೆ ಟಕಟಕ ಸದ್ದು ಬಂತು.

"ಬಾವ, ಇಲ್ಲಿ ಹೊಗೆ ಸೋರ್ತಿದೆ."

"ಹತ್ತು ವರ್ಷದಿಂದ ಸೋರ್ತಿದೆ. ನಮಗೇನಾಗಿದೆ?"

ಏನೂ ಆಗಿರಲಿಲ್ಲ, ನಿಜ. ಆ ಹತ್ತು ವರ್ಷವೂ ಕಾರಿನ ನಾಲ್ಕೂ ಕಿಟಕಿ ತೆರೆದೇ ಇದ್ದವು. ಎ.ಸಿ. ಬಂದ ಮೇಲೆ ಯಾರೂ ಕಿಟಕಿ ತೆರೆಯುವುದಿಲ್ಲ ಎಂಬುದು ಮಿಕ್ಕವರಿಗೆ ಹೊಳೆಯದಿದ್ದರೆ ಬಿಡಿ, ಮೇಸ್ತ್ರಿಗೆ ಹೊಳೆಯಬೇಕಿತ್ತು. ಸೈಲೆನ್ಸರ್ ನನ್ನ ಕೆಲಸವಲ್ಲ ಎಂದು ಅವನು ಸುಮ್ಮನಾದ.

ಗ್ಯಾಸ್ ತುಂಬಿ, ಥರ್ಮಾಮೀಟರ್ ಹಿಡಿದರೆ ಏಳು ಡಿಗ್ರಿ! ಅಕ್ಕನನ್ನು ಕರೆದು ಕೂರಿಸಿದ. ಅವಳು ಕಣ್ಣು ಮುಚ್ಚಿ ಗಾಳಿಗೆ ಮುಖವೊಡ್ಡಿ, "ನನ್ನಪ್ಪಾ, ಜೀವ ಬಂತು ಕಣೋ," ಎಂದಳು. ಮೇಸ್ತ್ರಿ ಹಿಗ್ಗಿಹೋದ. ಕಿಟಕಿ ಇಳಿಸಬೇಡ, ತಂಪೆಲ್ಲ ಹೋಗತ್ತೆ ಎಂದು ಎರಡೆರಡು ಸಲ ಹೇಳಿದ. ಕೈಯ ಜಿಡ್ಡು ತೊಳೆಯುವಾಗ ತೂತಿನ ನೆನಪಾಯಿತು. ಅದನ್ನು ಸರಿಯಾಗಿ ಮುಚ್ಚಬೇಕೆಂದರೆ ತುಂಬಿದ ಗ್ಯಾಸ್ ತೆಗೆದು, ಪೆಟ್ಟಿಗೆ ಇಳಿಸಿ, ಮತ್ತೆ ಅರ್ಧ ದಿನ ಒದ್ದಾಡಬೇಕು. ಮುಂದಿನ ವಾರ ನೋಡಿದರಾಯಿತು ಎಂದುಕೊಂಡ. ನಾಳೆ ಎಂದವನ ಮನೆ ಹಾಳು ಎಂಬ ಗಾದೆ ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಹಾಳಾಗುವುದು ಬೇರೆಯವರ ಮನೆ ಎಂದುಕೊಂಡಿದ್ದ, ಅಷ್ಟೆ.

ನಾಲ್ಕನೆಯ ದಿನ ಗಂಡಹೆಂಡತಿ ಮಗಳ ಮನೆಗೆ ಹೊರಟರು. ಅರ್ಧ ದಾರಿಯಲ್ಲಿ ಲಾರಿಯೊಂದು ಮಗುಚಿ ಹೆದ್ದಾರಿ ಕಟ್ಟಿಕೊಂಡಿತು. ನಡುಮಧ್ಯಾಹ್ನ. ಅಕ್ಕನಿಗೆ ಜೋಂಪು ಹತ್ತಿತ್ತು. ತಣ್ಣಗೆ ಮಲಗಿರಲಿ ಎಂದು ಬಾವ ಎಂಜಿನ್ನೂ ಎ.ಸಿ.ಯೂ ಹಾಗೇ ಬಿಟ್ಟು ಇಳಿದ, ಲಾರಿ ನೋಡಲು ನಡೆದ, ಅಲ್ಲಿದ್ದವರ ಜೊತೆ ಮಾತಿಗೆ ನಿಂತ. ಒಂದೂಕಾಲು ಗಂಟೆಯ ನಂತರ ಬಂದು ಬಾಗಿಲು ತೆರೆದಾಗ ಅಕ್ಕನ ಕೆನ್ನೆ ಕೆಂಪಗಿತ್ತು. ಮತ್ತೆ ಉರಿ ಬಂದಿದೆ ಎಂದುಕೊಂಡು ಅವನು ಭುಜ ಅಲ್ಲಾಡಿಸಿದ. ಅವಳು ಏಳಲಿಲ್ಲ.

ಹೊಗೆ ಒಳಸೇರಿ ಉಸಿರು ಹೋಗಿದೆ ಎಂದರು ಡಾಕ್ಟರು. ಹಳೆ ಕಾರು, ಸೋರುವ ಸೈಲೆನ್ಸರ್ ಎಂದು ಬರೆದುಕೊಂಡರು ಪೊಲೀಸರು. ಡ್ಯಾಶ್‌ಬೋರ್ಡಿನ ಹಿಂದೆ ಯಾರೂ ಇಣುಕಲಿಲ್ಲ.

ತಪ್ಪೆಲ್ಲ ಬಾವನ ತಲೆಗೆ ಬಂತು. ಮಗಳು ಕೂಸನ್ನೆತ್ತಿಕೊಂಡು ಬಂದವಳು ಹದಿನೈದು ದಿನವೂ ಅಪ್ಪನ ಜೊತೆ ಒಂದು ಮಾತಾಡಲಿಲ್ಲ. "ಅಮ್ಮನ್ನ ಆ ಡಬ್ಬದಲ್ಲಿ ಬಿಟ್ಟು ಅಪ್ಪ ಹರಟೆ ಹೊಡೀತಿದ್ರಂತೆ, ಮಾವ," ಎಂದು ಮೇಸ್ತ್ರಿಯ ಮುಂದೆಯೇ ಅತ್ತಳು. ನಾಳೆ ಹೊರಟರೆ ಮತ್ತೆ ಈ ಹೊಸ್ತಿಲು ತುಳಿಯುವುದಿಲ್ಲ ಎಂದಳು. ಮೇಸ್ತ್ರಿಗೆ ಆ ತೂತು ನೆನಪಾಯಿತು. ನಿಜ ಹೇಳಿದರೆ ಬಾವನಿಗೆ ಮಗಳು ಉಳಿಯುತ್ತಾಳೆ. ಇವನಿಗೆ ಯಾರೂ ಉಳಿಯುವುದಿಲ್ಲ.

ಅವನು ಅಂಗಳಕ್ಕೆ ಬಂದು, ಪೊಲೀಸರು ವಾಪಸು ಬಿಟ್ಟಿದ್ದ ಕಾರಿನ ಬಾಗಿಲು ತೆರೆದ, ಗ್ಯಾಸ್ ಬಿಟ್ಟು, ಬೋಲ್ಟುಗಳನ್ನು ಬಿಚ್ಚಿ, ಪೆಟ್ಟಿಗೆ ಇಳಿಸಿದ. ಎಂಜಿನ್ನಿನ ಕಾವಿಗೆ ಟೇಪು ಬಿಟ್ಟುಕೊಂಡು ಒಂದು ಮೂಲೆಯಲ್ಲಿ ನೇತಾಡುತ್ತಿತ್ತು. ಪೆಟ್ಟಿಗೆಯ ಫ್ಯಾನು ಗಾಳಿ ಎಳೆದುಕೊಳ್ಳುವ ಬಾಯಿ ಸರಿಯಾಗಿ ಆ ತೂತಿನ ಮುಂದೆ. ಹೊಗೆಯನ್ನು ಎಳೆದು ಅಕ್ಕನ ಮುಖಕ್ಕೆ ಊದುವ ಯಂತ್ರವನ್ನು ತಾನೇ ಕೈಯಾರೆ ಕೂರಿಸಿದ್ದ. ಕಾರಿನ ನೆಲದ ಮೇಲೆ ಕೂತು ಅವನು ಬಿಕ್ಕಿ ಬಿಕ್ಕಿ ಅತ್ತ.

"ಏನೋ ಅದು?" ಬಾವ ಬಂದು ನಿಂತಿದ್ದ.

"ಬಾವ, ಈ ತೂತು ನಾನು ಕೊರೆದದ್ದು. ತಪ್ಪಾಗಿ ಕೊರೆದೆ. ಮುಚ್ಚಿಲ್ಲ ಅಂತ ಅವತ್ತೇ ಗೊತ್ತಿತ್ತು ನಂಗೆ. ಸೋಮಾರಿತನ ಮಾಡಿದೆ. ಹೊಗೆ ಒಳಗೆ ಬಂದಿದ್ದು ಇಲ್ಲಿಂದ."

ಬಾವ ಬಗ್ಗಿ ನೋಡಿದ. ತೂತಿನಲ್ಲಿ ಎರಡು ಬೆರಳು ತೂರಿಸಿ, ಹೊರಗೆ ತೆಗೆದು, ಮಸಿಯನ್ನು ನೋಡಿದ. ನಂತರ ಕೈ ಎತ್ತಿದ. ಹೊಡೆದುಬಿಡಲಿ ಎಂದು ಮೇಸ್ತ್ರಿ ಮುಖ ಒಡ್ಡಿ ಕೂತ. ಎತ್ತಿದ ಕೈ ಕೆಳಗಿಳಿಯಿತು.

"ಮಗಳಿಗೆ ಹೇಳಿದ್ಯಾ?"

"ಇಲ್ಲ. ಈಗ ಹೇಳ್ತೀನಿ."

"ಹೇಳ್ಬೇಡ."

"ಬಾವ, ನಿಮ್ಮ ತಪ್ಪಲ್ಲ ಅಂತ..."

"ಸೈಲೆನ್ಸರ್ ನಂದು. ಬಿಟ್ಟು ಹೋದೋನೂ ನಾನೇ. ಅವಳ ಪಾಲಿಗೆ ನಾನು ಸತ್ತಾಯ್ತು. ನೀನೂ ಹೋದ್ರೆ ತಾಯಿ ಕಡೆಯೋರು ಅಂತ ಯಾರಿದಾರೋ ಅದಕ್ಕೆ? ಮಾವನಾದ್ರೂ ಉಳೀಲಿ." ಬಾವ ನೆಟ್ಟಗೆ ನಿಂತ. "ನಿನ್ನ ಮುಖ ಕಂಡ್ರೆ ಮಾತ್ರ ನಂಗೆ ಇನ್ಮೇಲೆ ಆಗಲ್ಲ. ಅವಳು ಹೊರಟ ಮೇಲೆ ಇತ್ತ ಬರ್ಬೇಡ."

ಅಷ್ಟರಲ್ಲಿ ಮಗಳು ಕೂಸನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದಳು. ಅಪ್ಪನ ಕಡೆ ತಿರುಗಿಯೂ ನೋಡದೆ, "ಮಾವ, ಊಟಕ್ಕೆ ಬನ್ನಿ. ಬಡಿಸಿದೀನಿ," ಎಂದಳು.

ಮೇಸ್ತ್ರಿ ಬಾಯಿ ತೆರೆದ. ಹೇಳಬಹುದಿತ್ತು. ಬೇಡವೆಂದ ಬಾವ ಅಂಗಿಯ ತುದಿಗೆ ಬೆರಳಿನ ಮಸಿ ಒರೆಸಿಕೊಳ್ಳುತ್ತ ನೆಲ ನೋಡುತ್ತಿದ್ದ. ಅವನು ತಡೆಯುತ್ತಿರಲಿಲ್ಲ.

"ಬಂದೆ ಕಣಮ್ಮ," ಎಂದುಬಿಟ್ಟ ಆ ಹೇಡಿ. ಒಳಗೆ ಹೋಗಿ ಕೈ ತೊಳೆದ. ನೆಲದ ಮೇಲೆ ಒಂದೇ ತಟ್ಟೆ ಇತ್ತು. ಅದರ ಮುಂದೆ ಕೂತು, ಅವಳು ಬಡಿಸಿದ್ದನ್ನೆಲ್ಲ ಉಂಡ.