ಪೇಟೆಂಟ್ ಸಾಹೇಬರ ದನಿ

ಕೈ ಕೆಸರಾದರೆ ಪಕ್ಕದವನ ಬಾಯಿ ಮೊಸರು ಅಂತ ಗಾದೆ. ಗಾದೆ ಸುಳ್ಳಾದರೂ ಈ ಕತೆ ಸುಳ್ಳಾಗದು. ನಡೆದದ್ದು ನಡೆದ ಹಾಗೇ ಇದೆ.

"ಬಗ್ಗಿಸಿ, ಬಗ್ಗಿಸಿ! ತಲೆ ತಾಗುತ್ತೆ!" ಎಂದು ಕಾಯಿಲಕ್ಕ ಕೂಗುವಷ್ಟರಲ್ಲಿ ಮೇಸ್ತ್ರಿಯ ತಲೆ ಬಾಗಿಲ ಚೌಕಟ್ಟಿಗೆ ಟೊಕ್ಕೆಂದು ತಾಗಿಯೇಬಿಟ್ಟಿತು. ಮೂವತ್ತು ವರ್ಷ ಅದೇ ಬಾಗಿಲಲ್ಲಿ ಸ್ಪೀಕರ್ ಡಬ್ಬಗಳನ್ನು ಒಂದು ಗೀರೂ ಬೀಳದ ಹಾಗೆ ಸಾಗಿಸಿದ ಮನುಷ್ಯ, ತನ್ನ ಸರದಿ ಬಂದಾಗ ಏಟು ತಿಂದ.

"ಕ್ಷಮಿಸಿ ಮೇಸ್ತ್ರಿ," ಎಂದ, ಕಾಲು ಹಿಡಿದಿದ್ದ ಬಣ್ಣದ ಮಾಮ.

"ಈಗ ಕೇಳು ಕ್ಷಮೆ. ಬದುಕಿದ್ದಾಗ ಬಾಯಿಗೆ ಬೀಗ," ಎಂದಳು ಕಾಯಿಲಕ್ಕ, ಅವನಿಗಷ್ಟೇ ಕೇಳುವಂತೆ.

ಕಾಯಿಲಕ್ಕ ಮೇಸ್ತ್ರಿಯ ಸ್ಪೀಕರ್ ಕಾರ್ಖಾನೆಯಲ್ಲಿ ತಂತಿ ಸುರುಳಿ ಸುತ್ತುವವಳು. ಬಣ್ಣದ ಮಾಮ ಹಾರ್ನುಗಳಿಗೆ ಬಣ್ಣ ಹೊಡೆಯುವವನು. ಬಿಡುವಿದ್ದಾಗ ಯಾರ ದನಿ ಬೇಕಾದರೂ ಅನುಕರಿಸಿ ಮಾತಾಡುವವನು. ಇಬ್ಬರೂ ಸೇರಿ ಮೇಸ್ತ್ರಿಯನ್ನು ಅವನದೇ ಬಡಗಿ ಬೆಂಚಿನ ಮೇಲೆ ಮಲಗಿಸಿದರು. ಹನ್ನೊಂದಕ್ಕೆ ಗಾಡಿ ಬರುವುದಿತ್ತು. ಅಲ್ಲಿಯವರೆಗೆ ಕೆಲಸದವರು ಕಡೆಯ ಸಲ ನೋಡಲಿ ಎಂದು ಮೇಸ್ತ್ರಿಯ ಮಗಳು ಹೇಳಿದ್ದಳು.

ಎದುರು ರಸ್ತೆಯ ಕಂಪನಿಯ ಮ್ಯಾನೇಜರ್ ಹೂವಿನ ಚಕ್ರ ಹಿಡಿದು ಬಂದ. ಕೆಲಸದವರು ತಂದಿಟ್ಟಿದ್ದ ಚಕ್ರದ ತದ್ರೂಪು.

"ಇದನ್ನೂ ಕಾಪಿ ಹೊಡೆದನಲ್ಲಪ್ಪ," ಎಂದು ಹಿಂದಿನಿಂದ ಯಾರೋ ಗೊಣಗಿದರು.

ಮ್ಯಾನೇಜರ್ ಕೈಮುಗಿದು, ಸರಿಯಾಗಿ ಒಂದು ನಿಮಿಷ ತಲೆ ತಗ್ಗಿಸಿ, ಆಮೇಲೆ ಮಗಳ ಪಕ್ಕಕ್ಕೆ ಸರಿದ. "ಇವತ್ತು ಹೇಳಬಾರದಮ್ಮ. ಆದ್ರೆ ನಾಳಿದ್ದು ಪೇಟೆಂಟ್ ಕೇಸಿನ ವಿಚಾರಣೆ. ನಾಲಗೆ ಇರೋ ಹಾರ್ನು ಮಾಡೋದು ನಿಲ್ಲಿಸ್ತೀವಿ ಅಂತ ಒಂದು ಸಹಿ ಹಾಕಿಬಿಟ್ರೆ, ನಿಮಗೂ ಅಲೆದಾಟ ತಪ್ಪುತ್ತೆ."

ನಾಲಗೆ ಎಂದರೆ ಹಾರ್ನಿನ ಗಂಟಲೊಳಗೆ ಕೂರಿಸುವ ಮರದ ಚಿಕ್ಕ ತುಂಡು. ಅದನ್ನು ಮೊದಲು ಕೆತ್ತಿದವನು ಮೇಸ್ತ್ರಿ. ಅದಿದ್ದರೆ ಮೈದಾನದ ಕೊನೆಯ ಸಾಲಿನಲ್ಲಿ ನಿಂತವನಿಗೂ ಮಾತು ಮಾತಾಗಿಯೇ ಕೇಳುತ್ತಿತ್ತು. ಆ ಕಾರ್ಖಾನೆ ನಿಂತಿದ್ದೇ ಆ ನಾಲಗೆಯ ಮೇಲೆ. ಅದು ಹೋದರೆ ಬಾಗಿಲು ಹಾಕಿ ಬೀಗದ ಕೈ ಕೊಟ್ಟು ಹೋಗಬೇಕಿತ್ತು.

"ನಮ್ಮಪ್ಪನ ಪೇಟೆಂಟಿಗೆ ಹದಿನೆಂಟು ವರ್ಷ," ಎಂದಳು ಮಗಳು, ಗೋಡೆಯ ಮೇಲಿನ ಕಟ್ಟು ಹಾಕಿಸಿದ ಕಾಗದ ತೋರಿಸಿ. "ನಿಮ್ಮದಕ್ಕೆ ನಾಲ್ಕು. ಯಾವುದು ಅಣ್ಣ, ಯಾವುದು ತಮ್ಮ ಅಂತ ನಾಳಿದ್ದು ಗೊತ್ತಾಗುತ್ತೆ ಬಿಡಿ."

"ಆ ನಂಬರು ಪೇಟೆಂಟ್ ಕಚೇರಿ ಪುಸ್ತಕದಲ್ಲೇ ಇಲ್ವಲ್ಲಮ್ಮ."

"ಪುಸ್ತಕ ಯಾಕೆ? ಕಚೇರಿ ಸಾಹೇಬರೇ ಇದ್ದಾರೆ, ಅಪ್ಪನ ಜೊತೆ ಫೋನಲ್ಲಿ ಮಾತಾಡೋರು. ಅವರೇ ಬಂದು ಸಾಕ್ಷಿ ಹೇಳ್ತಾರೆ."

ಬಣ್ಣದ ಮಾಮನ ಮುಖ ಬಿಳಿ ಪ್ರೈಮರ್ ಹೊಡೆದಂತಾಯಿತು. "ಸಾಹೇಬರನ್ನ ಇವತ್ತೇ ಸಾಯಿಸಿಬಿಡ್ಲಾ?" ಎಂದು ಕಾಯಿಲಕ್ಕನ ಕಿವಿಯಲ್ಲಿ ಉಸುರಿದ. "ಮೇಸ್ತ್ರಿ ಹೋದ ಸುದ್ದಿ ಕೇಳಿ ಎದೆ ಒಡೀತು ಅಂತ?"

"ಒಂದೇ ದಿನ ಎರಡು ಹೆಣ ಹೊರೋಕೆ ನನ್ ಕೈಲಾಗಲ್ಲ."

* * *

ಹದಿನೆಂಟು ವರ್ಷದ ಹಿಂದೆ ಮೇಸ್ತ್ರಿ ನಾಲಗೆಯ ಪೇಟೆಂಟಿಗೆ ಅರ್ಜಿ ಬರೆದು, ನಕ್ಷೆ ಇಟ್ಟು, ಲಕೋಟೆ ಅಂಟಿಸಿ, ಅಂಚೆಗೆ ಹಾಕಲು ಬಣ್ಣದ ಮಾಮನ ಕೈಗೆ ಕೊಟ್ಟಿದ್ದ. ಲಕೋಟೆ ಬಣ್ಣದ ಡಬ್ಬಗಳ ಹಿಂದೆ ಬಿತ್ತು. ಮಾಮನಿಗೆ ಮೂರು ತಿಂಗಳು ಬಿಟ್ಟು ನೆನಪಾಯಿತು. ಅಷ್ಟರಲ್ಲಿ ಮೇಸ್ತ್ರಿ, ಪೋಸ್ಟ್‌ಮ್ಯಾನ್ ಕಂಡರೆ ಹೆಣ್ಣು ನೋಡಲು ಬಂದವರನ್ನು ಕಂಡಂತೆ ಎದ್ದು ನಿಲ್ಲುತ್ತಿದ್ದ.

"ತಮಾಷೆ ಮಾಡಿ ತಪ್ಪೊಪ್ಪಿಕೊಂಡ್ರೆ ಬೈಗುಳ ಕಮ್ಮಿ," ಎಂದು ಮಾಮ ಲೆಕ್ಕ ಹಾಕಿದ. ಪೇಟೆಂಟ್ ಸಿಕ್ಕಿದೆ ಎಂದು ಕಾಯಿಲಕ್ಕ ಒಂದು ಕಾಗದ ಟೈಪು ಮಾಡಿದಳು. ಮಾಮ ಸ್ಪೀಕರಿನ ರಬ್ಬರು ಕತ್ತರಿಸಿ ಮುದ್ರೆ ಕೆತ್ತಿದ. ಐದು ನಿಮಿಷದ ಆಟ.

ಮೇಸ್ತ್ರಿ ಓದಿದ. ಇನ್ನೊಮ್ಮೆ ಓದಿದ. ಬೆಂಚಿನ ಮೇಲೆ ಕುಸಿದು ಕೂತು, ಮರದ ಪುಡಿ ಮೆತ್ತಿದ ಕೈಯಿಂದಲೇ ಕಣ್ಣೊರೆಸಿಕೊಂಡ. ಐದನೆಯ ನಿಮಿಷಕ್ಕೆ ಒಗೆದ ಅಂಗಿ ತೊಟ್ಟು, ಒಂಬತ್ತು ವರ್ಷದ ಮಗಳನ್ನು ಹೆಗಲಿಗೇರಿಸಿಕೊಂಡು ರಸ್ತೆಯುದ್ದಕ್ಕೂ ಹೇಳುತ್ತಾ ಹೋಗಿದ್ದ.

"ನಾಳೆ ಹೇಳೋಣ," ಎಂದಳು ಕಾಯಿಲಕ್ಕ.

ನಾಳೆ ಬರುವಷ್ಟರಲ್ಲಿ ಕಾಗದ ಗಾಜಿನೊಳಗಿತ್ತು. ಕಚೇರಿಗೇ ಹೋಗಿ ಕಾಲಿಗೆ ಬೀಳುತ್ತೇನೆಂದು ಮೇಸ್ತ್ರಿ ಹೊರಟಾಗ, ಮಾಮ ಓಡಿಹೋಗಿ ಹೊಸ ಫೋನು ಕೊಂಡು, ಅದರ ನಂಬರನ್ನು ಕಚೇರಿಯದೆಂದು ಕೊಟ್ಟ. ಮೂಗಿನಲ್ಲಿ ಮಾತಾಡುವ, ಪ್ರತಿ ಮಾತಿಗೂ ಗಂಟಲು ಸರಿಮಾಡಿಕೊಳ್ಳುವ ಒಬ್ಬ ಸಾಹೇಬನನ್ನು ಹುಟ್ಟಿಸಿದ. ಹುಟ್ಟಿದ ಮೇಲೆ ಸಾಕಬೇಕಲ್ಲ. ವರ್ಷಕ್ಕೊಮ್ಮೆ "ನವೀಕರಣ ಆಗಿದೆ" ಎಂದು ಫೋನು ಮಾಡುತ್ತ ಬಂದ.

* * *

"ಈಗಲೇ ಮಾತಾಡಿಸ್ತೀನಿ," ಎಂದಳು ಮಗಳು. "ಎಲ್ಲರೂ ಕೇಳಲಿ."

ಸ್ಪೀಕರಿನ ಕಾರ್ಖಾನೆಯಲ್ಲಿ ಎಲ್ಲರೂ ಕೇಳುವಂತೆ ಮಾಡುವುದು ಎಷ್ಟರ ಕೆಲಸ! ಪರೀಕ್ಷೆಗೆಂದು ತೊಲೆಗೆ ನೇತುಹಾಕಿದ್ದ ಹಾರ್ನಿನ ಆಂಪ್ಲಿಫೈಯರ್ ಹಾಕಿ, ಮೈಕಿನ ಎದುರು ತನ್ನ ಫೋನಿಟ್ಟಳು. ಅವಳು ನಂಬರು ಹುಡುಕುವಷ್ಟರಲ್ಲಿ ಬಣ್ಣದ ಮಾಮ ಕೆಮ್ಮುತ್ತಾ ಬಣ್ಣ ಹೊಡೆಯುವ ಮೂಲೆಯ ಪರದೆಯ ಹಿಂದೆ ಸರಿದಿದ್ದ.

"ಹ್ಞಾಂ... ಹ್ಮ್... ಯಾರು?" ಎಂದಿತು ಹಾರ್ನು, ಮೂಗಿನಲ್ಲಿ.

"ಸಾಹೇಬ್ರೇ, ನಾನು ಮೇಸ್ತ್ರಿ ಮಗಳು. ಅಪ್ಪ ಹೋಗ್ಬಿಟ್ರು."

"ಅಯ್ಯೋ... ಹ್ಮ್... ಎಂಥಾ ಮನುಷ್ಯ—"

ಮಾತು ಮುಗಿಯಲಿಲ್ಲ. ಹಾರ್ನು ಕುಂಯ್ಯೆಂದಿತು. ಆಮೇಲೆ ಕಿವಿ ಸೀಳುವಂತೆ ಕಿರುಚಿತು. ಹಾರ್ನಿನ ಸದ್ದು ಪರದೆಯ ಹಿಂದಿನ ಫೋನಿಗೆ, ಆ ಫೋನಿನಿಂದ ಈ ಫೋನಿಗೆ, ಮೈಕಿಗೆ, ಮತ್ತೆ ಹಾರ್ನಿಗೆ ಸುತ್ತು ಹಾಕುತ್ತಿತ್ತು.

ಅಲ್ಲಿದ್ದವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಹಾರ್ನು ಕಿರುಚಿತೆಂದರೆ ಮಾತಾಡುವ ಬಾಯಿ ಅದೇ ಕೋಣೆಯಲ್ಲಿದೆ. ಮಗಳು ಸದ್ದು ಇಳಿಸಿ, ನೆಟ್ಟಗೆ ನಡೆದುಹೋಗಿ ಪರದೆ ಎಳೆದಳು.

ಮಾಮ ಚಿಕ್ಕ ಫೋನನ್ನು ಕಿವಿಗೆ ಒತ್ತಿಕೊಂಡೇ ನಿಂತಿದ್ದ.

"ಮಾಮಾ?"

"ತಮಾಷೆಗೆ ಕಣಮ್ಮಾ. ಮೊದಲು ತಮಾಷೆಗೆ..."

ಅವಳು ಕಾಗದದ ಕಡೆ ನೋಡಿದಳು, ಕಾಯಿಲಕ್ಕನ ಕಡೆ ನೋಡಿದಳು. ಕಾಯಿಲಕ್ಕ ನೆಲ ನೋಡಿದಳು.

"ನಾಲ್ಕು ವರ್ಷದ ಹಿಂದೆ ಅಪ್ಪ ಹೊಸ ಅರ್ಜಿ ಹಾಕೋಕೆ ಹೊರಟಿದ್ರು," ಎಂದಳು ಮಗಳು, ಒಂದೊಂದೇ ಮಾತು ಅಳೆದಿಡುತ್ತ. "ಸಾಹೇಬರು ಬೇಡ ಅಂದ್ರಂತೆ. ಯಾರು ಬೇಡ ಅಂದಿದ್ದು?"

* * *

ಎದುರು ಕಂಪನಿಯ ಹಾರ್ನಿನಲ್ಲಿ ನಾಲಗೆ ಕಂಡ ದಿನ ಮೇಸ್ತ್ರಿ ಊಟ ಬಿಟ್ಟಿದ್ದ. ವಕೀಲರು, "ಹಳೆಯದನ್ನು ನೆಚ್ಚಿ ಕೂರಬೇಡಿ, ಅವರು ಹಾಕುವ ಮೊದಲೇ ಹೊಸದಾಗಿ ಒಂದು ಅರ್ಜಿ ಹಾಕಿ," ಎಂದಿದ್ದರು. ಮೇಸ್ತ್ರಿ ಫೋನಿನಲ್ಲಿ ಸಾಹೇಬರನ್ನು ಕೇಳಿದ. ಪರದೆಯ ಹಿಂದೆ ಮಾಮ ಬೆವತ. ಹೊಸ ಅರ್ಜಿ ಹೋದರೆ ಹಳೆಯದೇ ಇಲ್ಲವೆಂದು ಬಯಲಾಗುತ್ತದೆ.

"ಹುಟ್ಟಿದ ಮಗುವನ್ನ ಮತ್ತೆ ಹೆರ್ತಾರೇನ್ರೀ? ಬೇಡ," ಎಂದರು ಸಾಹೇಬರು.

ಮೇಸ್ತ್ರಿ ಅರ್ಜಿ ಹರಿದು ಹಾಕಿ, ಆಗಷ್ಟೇ ಪರದೆ ಸರಿಸಿ ಬಂದ ಮಾಮನ ಹೆಗಲು ತಟ್ಟಿದ. "ದೇವರಂಥ ಮನುಷ್ಯ ಕಣೋ ಆತ. ನಿನಗೊಂದು ಸಲ ಪರಿಚಯ ಮಾಡಿಸ್ಬೇಕು."

ಮುಂದಿನ ತಿಂಗಳು ಎದುರು ಕಂಪನಿ ಅರ್ಜಿ ಹಾಕಿತು.

* * *

"ನಾನೇ," ಎಂದ ಮಾಮ.

ಮ್ಯಾನೇಜರ್ ಸದ್ದಿಲ್ಲದೆ ಗೋಡೆಯ ಬಳಿ ಹೋಗಿ, ಕಾಗದದ ಎರಡು ಫೋಟೋ ತೆಗೆದುಕೊಂಡ. ಒಂದು ದೂರದಿಂದ, ಒಂದು ಮುದ್ರೆಯ ಹತ್ತಿರದಿಂದ. "ನಾಳಿದ್ದು ಸಿಗೋಣಮ್ಮ," ಎಂದು ಕೈಮುಗಿದು ಹೋದ.

ಹೊರಗೆ ಗಾಡಿ ಹಾರ್ನು ಹೊಡೆಯಿತು.

ಮಗಳು ಮಾಮನ ರಟ್ಟೆ ಹಿಡಿದು ಬೆಂಚಿನವರೆಗೆ ಎಳೆತಂದಳು. "ಹೇಳು. ಅಪ್ಪನಿಗೆ, ಹಾರ್ನು ನಿಮ್ಮದಲ್ಲ, ಕಾರ್ಖಾನೆ ಮುಚ್ತಾರೆ ಅಂತ ಹೇಳು. ಆ ದನಿಯಲ್ಲೇ ಹೇಳು. ನನ್ನ ಮಾತು ಅವರು ಯಾವತ್ತು ನಂಬಿದ್ರು? ಸಾಹೇಬರು ಹೇಳಿದ್ರೇ ನಂಬೋದು."

"ಬೇಡಮ್ಮಾ..."

"ಹೇಳು!"

ಮಾಮನ ಕಣ್ಣಿಂದ ಮೂಗಿಂದ ನೀರು ಸುರಿಯುತ್ತಿತ್ತು. ಬಗ್ಗಿ, ಮೇಸ್ತ್ರಿಯ ಕಿವಿಯ ಹತ್ತಿರ ಬಾಯಿಟ್ಟ. ಹದಿನೆಂಟು ವರ್ಷದ ರೂಢಿ, ಬಾಯಿ ತಾನೇ ತೆರೆಯಿತು:

"ಹ್ಮ್... ಏನ್ ಮೇಸ್ತ್ರಿಗಳೇ, ಆರೋಗ್ಯ ತಾನೇ?"

ಕಾಯಿಲಕ್ಕನ ಮೂಗಿನಿಂದ ಪುಸ್ಸೆಂದು ಒಂದು ಸದ್ದು ತಪ್ಪಿಸಿಕೊಂಡಿತು. ಅವಳು ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಬಾಗಿಲ ಬಳಿ ಯಾರದೋ ಹೊಟ್ಟೆ ಕುಲುಕಿತು. ಇನ್ನೊಬ್ಬ ಗೋಡೆಗೆ ಮುಖ ತಿರುಗಿಸಿದ. ಅಷ್ಟರಲ್ಲಿ ಎಲ್ಲರನ್ನೂ ಮೀರಿ ಮಗಳ ನಗೆ ಎದ್ದಿತು. ಬೆಂಚಿನ ಅಂಚನ್ನು ಎರಡೂ ಕೈಯಿಂದ ಹಿಡಿದು, ಉಸಿರು ಸಿಗದೆ, ಬಗ್ಗಿ ಬಗ್ಗಿ ನಕ್ಕಳು. ಉಳಿದವರು ಒಬ್ಬೊಬ್ಬರಾಗಿ ಸುಮ್ಮನಾದರು. ಅವಳು ಸುಮ್ಮನಾಗಲಿಲ್ಲ. ಬೆಂಚು ಅದುರುತ್ತಿತ್ತು, ಅದರ ಮೇಲೆ ಮೇಸ್ತ್ರಿಯೂ ಅಡಿಯಿಂದ ಮುಡಿಯವರೆಗೆ ಕುಲುಕುತ್ತಿದ್ದ.