ಐದು ಲೀಟರಿನ ಕ್ಯಾನು ಹೇಳಿದ ಉಪ್ಪಿನ ಲೆಕ್ಕ

ನಾನು ಐದು ಲೀಟರು ಹಿಡಿಯುವ ಬಿಳಿ ಪ್ಲಾಸ್ಟಿಕ್ ಕ್ಯಾನು. ನನ್ನೊಳಗೆ ಏನು ತುಂಬುತ್ತಿದ್ದರು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅರ್ಧಕ್ಕೆ ಬಂದ ಮೇಲೆ ನೀವು ಮೂಗು ಮುಚ್ಚಿಕೊಳ್ಳುವುದು ಬೇಡ. ಮೂತ್ರ. ಮುಖ ಸಿಂಡರಿಸುವವರು ಸಿಂಡರಿಸಿ. ನನಗೆ ಅದೆಲ್ಲ ಅಭ್ಯಾಸವಾಗಿದೆ.

ಹುಟ್ಟಿದ್ದು ಪೀಣ್ಯದ ಒಂದು ಕಾರ್ಖಾನೆಯಲ್ಲಿ. ಕಾದು ಮೆತ್ತಗಾದ ಪ್ಲಾಸ್ಟಿಕ್ಕನ್ನು ಅಚ್ಚಿನೊಳಗೆ ಇಳಿಸಿ, ಗಾಳಿ ಊದಿ ನನ್ನ ಹೊಟ್ಟೆ ಉಬ್ಬಿಸಿದರು. ನನ್ನ ಜೊತೆ ಹುಟ್ಟಿದವು ಕೊಬ್ಬರಿ ಎಣ್ಣೆಯನ್ನೋ ಜೇನುತುಪ್ಪವನ್ನೋ ತುಂಬಿಕೊಂಡು ಅಂಗಡಿಯ ಕಪಾಟು ಸೇರಿದವು. ನಾನು ಒಂದು ವೈದ್ಯಕೀಯ ಕಾಲೇಜಿನ ಪ್ರಯೋಗಾಲಯ ಸೇರಿದೆ. ಹಣೆಬರಹ ಎನ್ನುವುದು ಕ್ಯಾನಿಗೂ ಇರುತ್ತದೆ. ನನ್ನದನ್ನು ಚೀಟಿಯಲ್ಲಿ ಬರೆದು ಹೊಟ್ಟೆಯ ಮೇಲೆ ಅಂಟಿಸುತ್ತಿದ್ದರು, ಅಷ್ಟೇ ವ್ಯತ್ಯಾಸ.

ಅಲ್ಲಿ ಡಾಕ್ಟರ್ ಅರುಂಧತಿ ಎಂಬ ಹುಡುಗಿ ಎಂ.ಡಿ. ಓದುತ್ತಿದ್ದಳು. ತಿನ್ನುವ ಉಪ್ಪಿಗೂ ರಕ್ತದೊತ್ತಡಕ್ಕೂ ಎಷ್ಟು ನಂಟು ಎಂಬುದನ್ನು ಅಂಕಿ ಹಿಡಿದು ತೋರಿಸಬೇಕೆಂಬುದು ಅವಳ ಹಟ. ಅದಕ್ಕಾಗಿ ಬಸ್ ಚಾಲಕರನ್ನು ಆರಿಸಿಕೊಂಡಿದ್ದಳು. ಎಷ್ಟು ಉಪ್ಪು ತಿನ್ನುತ್ತೀರಿ ಎಂದು ಬಾಯಿಂದ ಕೇಳಿ ಪ್ರಯೋಜನವಿಲ್ಲ. ಕೇಳಿದವರೆಲ್ಲ "ಕಮ್ಮಿ" ಎನ್ನುತ್ತಾರೆ. ಆದರೆ ತಿಂದ ಉಪ್ಪಿನಲ್ಲಿ ಹೆಚ್ಚಿನ ಪಾಲು ಮೂತ್ರದಲ್ಲೇ ಹೊರಗೆ ಬರುತ್ತದೆ. ಒಂದು ಹಗಲು, ಒಂದು ರಾತ್ರಿಯದನ್ನು ಒಂದು ತೊಟ್ಟೂ ಬಿಡದೆ ಹಿಡಿದರೆ ಲೆಕ್ಕ ಸಿಗುತ್ತದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದು ಗಾದೆ ಕಟ್ಟಿದವರು ಅಲ್ಲಿಗೇ ನಿಲ್ಲಿಸಿಬಿಟ್ಟರು. ಕುಡಿದ ನೀರು ಆಮೇಲೆ ಎಲ್ಲಿಗೆ ಹೋಗಬೇಕು? ನನ್ನೊಳಗೆ.

ಇಷ್ಟು ಸರಳವಾದ ಕೆಲಸವನ್ನು ಮನುಷ್ಯರು ಎಷ್ಟು ಬಗೆಯಲ್ಲಿ ಕೆಡಿಸಬಲ್ಲರು ಎಂಬುದನ್ನು ನಾನು ಕಂಡಿದ್ದೇನೆ. ಒಬ್ಬ ಚಾಲಕ ಮನೆಯಲ್ಲಿದ್ದಾಗಿನದನ್ನು ಮಾತ್ರ ತುಂಬಿಸಿದ. ಡ್ಯೂಟಿಯಲ್ಲಿ ಕ್ಯಾನು ಹಿಡಿದು ಹೋಗಲು ನಾಚಿಕೆಯಂತೆ. ಇನ್ನೊಬ್ಬ, ತೆಳುವಾದರೆ ಉಪ್ಪು ಕಡಿಮೆ ಬರುತ್ತದೆಂದು ನಲ್ಲಿಯ ನೀರು ಬೆರೆಸಿದ. ಅಯ್ಯಾ, ನೀರಿನಲ್ಲಿ ಉಪ್ಪು ಕರಗುತ್ತದೆ, ಮಾಯವಾಗುವುದಿಲ್ಲ! ಅಳೆಯುವುದು ರುಚಿಯನ್ನಲ್ಲ, ಒಟ್ಟು ಮೊತ್ತವನ್ನು. ಮೂರನೆಯವನು ಎಲ್ಲವನ್ನೂ ಸರಿಯಾಗಿ ಮಾಡಿದ. ಆದರೆ ಅವನ ತಾಯಿ, ಮನೆಯಲ್ಲಿ ಇದೇನು ಗಲೀಜು ಎಂದು ಎಲ್ಲವನ್ನೂ ಚೆಲ್ಲಿ, ಹುಣಸೆಹಣ್ಣು ಹಾಕಿ ತಿಕ್ಕಿ, ಫಳಫಳ ಹೊಳೆಯುವಂತೆ ನನ್ನನ್ನು ಹಿಂದಿರುಗಿಸಿದರು. ಅರುಂಧತಿ ನನ್ನನ್ನು ತಲೆಕೆಳಗು ಮಾಡಿ ನೋಡಿ, ಅವನ ಚೀಟಿ ಕಿತ್ತುಹಾಕಿದಳು.

ಆಮೇಲೆ ನನ್ನ ಹೊಟ್ಟೆಯ ಮೇಲೆ ಹೊಸ ಚೀಟಿ ಬಂತು: ಶಿವನಂಜು, ಚಾಲಕ, ಮಳವಳ್ಳಿ.

ಶಿವನಂಜು ದಪ್ಪ ಆಳು, ದೊಡ್ಡ ಗಂಟಲು. ಹಿಂದಿನ ತಪಾಸಣೆಯಲ್ಲಿ ಅವನ ಬಿ.ಪಿ. ಏರಿತ್ತು. ಮುಂದಿನ ಸಲವೂ ಇಳಿಯದಿದ್ದರೆ ಬಸ್ಸಿನಿಂದ ಇಳಿಸುತ್ತೇವೆ ಎಂದು ಡಿಪೋದವರು ಹೇಳಿದ್ದರು. ನನ್ನನ್ನು ಕೈಗೆ ತೆಗೆದುಕೊಳ್ಳುವಾಗಲೇ ಅವನು ಶುರು ಮಾಡಿದ.

"ಉಪ್ಪು ಬುಟ್ಟು ಆರ್ ತಿಂಗ್ಳಾಯ್ತು ಮೇಡಂ. ನಮ್ಮನೆ ಸಾರ ನಾಯಿ ಮುಂದೆ ಇಟ್ರೆ ಅದೂ ನನ್ ಮಕ ನೋಡ್ತದೆ."

"ಒಳ್ಳೇದಾಯ್ತಣ್ಣ, ಹಾಗಾದ್ರೆ ಭಯ ಯಾಕೆ? ತುಂಬ್ಸಿ ಕೊಡಿ" ಎಂದಳು ಅರುಂಧತಿ.

ಭಯ ಯಾಕೆಂದು ನನಗೆ ಗೊತ್ತಾಯಿತು. ಚೀಲದಲ್ಲಿ ನನ್ನನ್ನು ನೇತುಹಾಕಿಕೊಂಡು ಮನೆಗೆ ಹೊರಟವನು ಬಸ್ ಸ್ಟ್ಯಾಂಡಿನಲ್ಲಿ ನಿಂತು ಎರಡು ಪ್ಲೇಟು ಬೋಂಡ ತಿಂದ. ಬಾಯಿ ಒರೆಸಿಕೊಂಡು, ಚೀಲದೊಳಗಿದ್ದ ನನ್ನನ್ನು ಒಮ್ಮೆ ನೋಡಿದ. ನಾನು ಡಿಪೋಗೆ ಚಾಡಿ ಹೇಳುತ್ತೇನೆಂದು ಅವನ ಅನುಮಾನ. ವರದಿ ಡಿಪೋಗೆ ಹೋಗುವುದಿಲ್ಲವೆಂದು ಅರುಂಧತಿ ಹೇಳಿದ್ದಳು. ಕೇಳಿಸಿಕೊಳ್ಳಬೇಕಲ್ಲ.

ಮನೆಯಲ್ಲಿ ಅವನ ಹೆಂಡತಿ ಚೆಲುವಮ್ಮ ಉಪ್ಸಾರು ಮಾಡುತ್ತಿದ್ದಳು. ಕಾಳು, ಸೊಪ್ಪು ಬೇಯಿಸಿ ಬಸಿದ ಕಟ್ಟು ಒಂದು ಕಡೆ. ಅದರ ಜೊತೆಗೆ ನಂಚಿಕೊಳ್ಳಲು ಬೆಳ್ಳುಳ್ಳಿ, ಮೆಣಸಿನಕಾಯಿ, ಹುಣಸೆಹಣ್ಣು, ಒಂದು ಹಿಡಿ ಕಲ್ಲುಪ್ಪು ಹಾಕಿ ಅರೆದ ಖಾರ ಇನ್ನೊಂದು ಕಡೆ. ಗಂಡನಿಗೆ ಉಪ್ಪಿಲ್ಲದ ಕಟ್ಟನ್ನು ಬೇರೆ ತೆಗೆದಿಟ್ಟಿದ್ದಳು. ಅವನು ನನ್ನನ್ನು ಅವಳ ಮುಂದೆ ಇಟ್ಟ.

"ಅಮ್ಮಿ, ಇದ ನೀನ್ ತುಂಬ್ಸ್ಕೊಡು."

"ಥೂ! ಮಾನ ಮರ್ವಾದೆ ಅದಾ ನಿಮ್ಗೆ?"

"ನೀನ್ ತಿನ್ನಾದೇ ಒಂದ್ ಮುದ್ದೆ. ನಿನ್ ಮೈಯಾಗೆ ಉಪ್ಪು ಎಲ್ಲಿಂದ ಬತ್ತದೆ? ನಂದು ಕೊಟ್ರೆ ಸ್ಟೇರಿಂಗ್ ಕಿತ್ಕೊಂಡು ಟೈರ್ ಎಣ್ಸಾಕೆ ಕೂರುಸ್ತಾರೆ."

"ಬೋಂಡ ತಿನ್ವಾಗ ಗೊತ್ತಾಗ್ಲಿಲ್ವಾ? ಕಂಡ್ ಹಿಡುದ್ರೆ ಏನ್ ಮಾಡೀರಿ?"

"ಕಂಡ್ ಹಿಡಿಯಾಕೆ ಉಚ್ಚೆ ಮೇಲೆ ಹೆಸ್ರು ಬರ್ದಿರ್ತದಾ?"

ಚೆಲುವಮ್ಮ ನಕ್ಕುಬಿಟ್ಟಳು. ನಕ್ಕ ಮೇಲೆ ಒಪ್ಪಿದಳು. ಹೇಳಿದ ಕೆಲಸವನ್ನು ಅಚ್ಚುಕಟ್ಟಾಗಿ ಕೊನೆಮುಟ್ಟಿಸಿದವಳು, ಅಲ್ಲಿಯವರೆಗಿನ ನನ್ನ ಬದುಕಿನಲ್ಲಿ, ಅವಳೊಬ್ಬಳೇ. ಅದೂ ಬೇರೆಯವರ ಹೆಸರಿನಲ್ಲಿ.

ಬಚ್ಚಲ ಬಾಗಿಲ ಹತ್ತಿರ ಕೂತು ನಾನು ಅವಳ ಊಟವನ್ನೂ ನೋಡಿದೆ. ಎಲ್ಲರದೂ ಮುಗಿದ ಮೇಲೆ ಅವಳದು. ಆ ಹೊತ್ತಿಗೆ ಕಟ್ಟು ತಳ ಕಂಡಿತ್ತು. ಅದಕ್ಕೇ ಮುದ್ದೆಗೆ ನಿಂಬೆಹಣ್ಣಿನ ಗಾತ್ರದ ಖಾರ. ಅದೂ ಸಾಲದೆ ಉಪ್ಪಿನಲ್ಲಿ ನೆನೆದ ಮಾವಿನಕಾಯಿ. ಬೆಳಿಗ್ಗೆ ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ, ಮೇಲೆ ಮತ್ತೆ ಉಪ್ಪು. ಸಾರಿಗೆ ಹಾಕಿದ್ದಷ್ಟೇ ಉಪ್ಪು. ಖಾರದಲ್ಲಿರುವುದು ಖಾರ, ಮಾವಿನಕಾಯಿಯಲ್ಲಿರುವುದು ಮಾವಿನಕಾಯಿ. ಆ ಮನೆಯಲ್ಲಿ ಲೆಕ್ಕ ಹಾಗಿತ್ತು. ಮಧ್ಯಾಹ್ನ ಅವಳು ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ಗೋಡೆಗೆ ಒರಗಿದಳು. "ಪಿತ್ತ" ಎಂದಳು. ನನಗೆ ಬಾಯಿ ಇದೆ, ಮುಚ್ಚಳವೂ ಇದೆ. ಮಾತು ಮಾತ್ರ ಇಲ್ಲ. ಅಂಥ ಸಿಟ್ಟು ನನಗೆ ಹಿಂದೆ ಎಂದೂ ಬಂದಿರಲಿಲ್ಲ.

ಪ್ರಯೋಗಾಲಯದಲ್ಲಿ ಫಲಿತಾಂಶ ಬಂತು. ದಿನಕ್ಕೆ ಐದು ಗ್ರಾಂ, ಅಂದರೆ ಒಂದು ಟೀ ಚಮಚ ಉಪ್ಪು ಸಾಕು ಎನ್ನುತ್ತಾರೆ. ಇಲ್ಲಿ ಹದಿನೇಳಿತ್ತು. ಅರುಂಧತಿಗೆ ಇನ್ನೊಂದು ಅಂಕಿಯೂ ಕೊರೆಯಿತು. ಸ್ನಾಯುಗಳಿಂದ ಹುಟ್ಟಿ ಮೂತ್ರಕ್ಕೆ ಸೇರುವ ಕ್ರಿಯಾಟಿನಿನ್ ಎಂಬ ವಸ್ತು ಒಂದಿದೆ. ದಿನಕ್ಕೆ ಎಷ್ಟು ಬರಬೇಕೆಂದು ಮೈಕಟ್ಟು ನೋಡಿ ಅಂದಾಜು ಹೇಳಬಹುದು. ಶಿವನಂಜುವಿನ ಗಾತ್ರಕ್ಕೆ ಅದು ತೀರ ಕಡಿಮೆ. ಒಂದೋ ಅರ್ಧ ಚೆಲ್ಲಿದ್ದಾರೆ, ಇಲ್ಲವೇ ಇದು ಬೇರೆ ಯಾರದೋ. ನನ್ನನ್ನು ತೊಳೆಸಿ, ಬಿ.ಪಿ. ಯಂತ್ರದ ಜೊತೆ ಚೀಲಕ್ಕೆ ಹಾಕಿಕೊಂಡು ಅವಳು ಮಳವಳ್ಳಿಗೆ ಬಂದಳು.

"ಅಣ್ಣ, ನಿಜ ಹೇಳಿ. ಇದು ನಿಮ್ದೇನಾ?"

"ನಂದೇ ಮೇಡಂ. ನಮ್ಮವ್ವನಾಣೆ."

"ಪೂರ್ತಿ ಹಿಡಿದ್ರಾ?"

"ಒಂದ್ ತೊಟ್ಟು ಕೆಳಕ್ ಬಿದ್ದಿಲ್ಲ."

"ಹಾಗಾದ್ರೆ ನೀವು ದಿನಕ್ಕೆ ಹದಿನೇಳು ಗ್ರಾಂ ಉಪ್ಪು ತಿಂತಿದ್ದೀರ. ಮೂರು ಆಳಿನ ಉಪ್ಪು."

"ಹದಿನೇಳಾ?" ಶಿವನಂಜು ಎದ್ದು ನಿಂತ. "ಅದೆಂಗಾಯ್ತದೆ ಮೇಡಂ? ಇವ್ಳು ಉಪ್ಪೇ ತಿನ್ನಾಕಿಲ್ವಲ್ಲಾ!"

ಚೆಲುವಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಅರುಂಧತಿ ಬೈಯುತ್ತಾಳೆಂದು ನಾನು ಕಾದೆ, ಬೈಯಲೇಬೇಕಿತ್ತು. ಅವಳು ಯಂತ್ರ ತೆಗೆದು, ಪಟ್ಟಿ ಬಿಚ್ಚಿ, ಚೆಲುವಮ್ಮನ ಕಡೆ ತಿರುಗಿದಳು.

"ಅಕ್ಕ, ಇಲ್ಲಿ ಬಂದು ಕೂತ್ಕೊಳ್ಳಿ."

"ನಂಗ್ಯಾಕವ್ವ? ನಾನೇನ್ ಬಸ್ ಓಡುಸ್ತೀನಾ?"

ಕೂರಿಸಿದಳು. ನೂರ ತೊಂಬತ್ತು, ಕೆಳಗೆ ನೂರ ಹದಿನಾಲ್ಕು. ಸ್ವಲ್ಪ ಹೊತ್ತು ಸುಮ್ಮನಿರಿಸಿ ಮತ್ತೆ ನೋಡಿದಳು. ಹೆಚ್ಚೇನೂ ಇಳಿಯಲಿಲ್ಲ.

"ತಲೆನೋವು ಬರುತ್ತಾ?"

"ಅದು ಪಿತ್ತ ಕಣವ್ವ."

"ಪಿತ್ತ ಅಲ್ಲಕ್ಕ. ಹೀಗೇ ಬಿಟ್ರೆ ಒಂದು ದಿನ ಮುದ್ದೆ ತಿರುವ್ತಾ ಇದ್ದ ಹಾಗೇ ಲಕ್ವ ಹೊಡ್ದು ಒಂದು ಕೈ ಬಿದ್ದು ಹೋಗುತ್ತೆ. ಇವತ್ತೇ ಆಸ್ಪತ್ರೆಗೆ ಬನ್ನಿ."

ಶಿವನಂಜು ಹೊಸ್ತಿಲ ಮೇಲೆ ಕೂತುಬಿಟ್ಟ. "ನನ್ ಬಿ.ಪಿ. ನೋಡ್ಕೊಂಡೇ ಆರ್ ತಿಂಗ್ಳು ಕಳುದ್ಬುಟ್ನಲ್ಲ" ಎಂದ. ಮತ್ತೆ ನನ್ನನ್ನು ಎತ್ತಿಕೊಂಡು, ಯಾರೂ ಹೇಳದೆಯೇ, ಬಚ್ಚಲ ಕಡೆ ಹೋದ. ಈ ಬಾರಿ ಅವನದೇ. ಅದರಲ್ಲೂ ಉಪ್ಪು ಹೆಚ್ಚೇ ಇತ್ತು, ಹೆಂಡತಿಯದರಷ್ಟಲ್ಲ. ಮಾತ್ರೆ ನುಂಗಿ, ಬಾಯಿ ಕಟ್ಟಿ, ಅವನು ಸ್ಟೇರಿಂಗ್ ಉಳಿಸಿಕೊಂಡ. ಬೋಂಡ ಉಳಿಯಲಿಲ್ಲ.

ಅರುಂಧತಿ ನಕ್ಷೆ ಬರೆದಳು. ಅಡ್ಡಗೆರೆಯಲ್ಲಿ ಉಪ್ಪು, ಉದ್ದಗೆರೆಯಲ್ಲಿ ಒತ್ತಡ, ನಡುವೆ ಚೆಲ್ಲಿದ ರಾಗಿಯಂತೆ ಚುಕ್ಕೆಗಳು. ಒಂದು ದಿನದ ಅಂಕಿಯಿಂದ ಒಬ್ಬರ ಬದುಕನ್ನು ತೀರ್ಮಾನಿಸಲಾಗದು. ಉಪ್ಪು ಹೆಚ್ಚಿದ್ದೂ ಒತ್ತಡ ಇಲ್ಲದವರಿದ್ದರು. ಆದರೆ ದೂರ ನಿಂತು ನೋಡಿದರೆ ರಾಶಿ ಬಲಕ್ಕೆ ಹೋದಂತೆ ಮೇಲೆದ್ದಿತ್ತು. ಎಲ್ಲಕ್ಕಿಂತ ಬಲತುದಿಯಲ್ಲಿ, ಎಲ್ಲಕ್ಕಿಂತ ಮೇಲೆ, ಚೆಲುವಮ್ಮನ ಚುಕ್ಕೆ. ಅರುಂಧತಿಯ ಪ್ರೊಫೆಸರು ಅದರ ಮೇಲೆ ಪೆನ್ನು ಇಟ್ಟರು.

"ಈಕೆ ಡ್ರೈವರ್ ಅಲ್ಲವಲ್ಲ. ತೆಗೀರಿ."

ನಿಯಮದ ಪ್ರಕಾರ ಅವರು ಹೇಳಿದ್ದು ಸರಿ. ಅದಕ್ಕೇ ನನಗೆ ಇನ್ನಷ್ಟು ಉರಿಯಿತು. ಉಣ್ಣುವವರ ಅಂಕಿಗೆ ಇಷ್ಟು ಸಾಹಸ, ಅಡುಗೆ ಮಾಡುವವಳನ್ನು ಯಾರೂ ಕೇಳಲಿಲ್ಲ. ಕೇಳದಿದ್ದರೆ ಅಂಕಿ ಇಲ್ಲ. ಅಂಕಿ ಇಲ್ಲದಿದ್ದರೆ ಕಾಯಿಲೆಯೂ ಇಲ್ಲವೆಂದು ಎಲ್ಲರೂ ನೆಮ್ಮದಿಯಾಗಿರುತ್ತಾರೆ. ಅರುಂಧತಿ ಚುಕ್ಕೆ ಅಳಿಸಿದಳು. ಆ ಸಂಜೆಯೇ ಚಾಲಕರ ಮನೆಯ ಹೆಂಗಸರನ್ನು ಅಳೆಯುವ ಹೊಸ ಅಧ್ಯಯನಕ್ಕೆ ಅರ್ಜಿ ಬರೆಯಲು ಕೂತಳು.

ಅದಕ್ಕೆ ಒಪ್ಪಿಗೆ ಸಿಗುವಷ್ಟರಲ್ಲಿ ನನ್ನ ಕತ್ತಿನಲ್ಲಿ ಬಿರುಕು ಬಿಟ್ಟಿತ್ತು. ಈಗ ಪ್ರಯೋಗಾಲಯದ ಬಾಗಿಲ ಮೂಲೆಯಲ್ಲಿದ್ದೇನೆ. ಹೊಟ್ಟೆಯಲ್ಲಿ ಅರ್ಧ ಫಿನಾಯಿಲ್. ಈ ವಯಸ್ಸಿನಲ್ಲಿ ಒಳ್ಳೆಯ ವಾಸನೆ ಬಂತು ಎಂದು ಸಮಾಧಾನ ಪಟ್ಟುಕೊಳ್ಳಬೇಕು. ಬರುವವರು ಈಗಲೂ "ಉಪ್ಪು ಕಮ್ಮಿ ಮೇಡಂ" ಎನ್ನುತ್ತಾರೆ. ನಾನು ಈಗಲೂ ಹಲ್ಲು ಕಡಿಯುತ್ತೇನೆ, ಹಲ್ಲಿಲ್ಲದಿದ್ದರೂ.

ಈ ಬೆಳಿಗ್ಗೆ ಚೆಲುವಮ್ಮ ಬಂದಳು. ತಲೆಗೆ ಬಟ್ಟೆ ಇರಲಿಲ್ಲ. ಕೈಯಲ್ಲಿ ನನ್ನಂಥದೇ ಹೊಸ ಕ್ಯಾನು, ಚೀಲವಿಲ್ಲದೆ, ಎಲ್ಲರಿಗೂ ಕಾಣುವ ಹಾಗೆ.

"ಖಾರಕ್ಕೆ ಉಪ್ಪು ಅರ್ಧ ಮಾಡಿವ್ನಿ. ತಿನ್ನಾಕಾಗಲ್ಲ, ಆದ್ರೂ ತಿಂತಾವ್ನಿ" ಎಂದು ಗೊಣಗುತ್ತ ಅದನ್ನು ಮೇಜಿನ ಮೇಲೆ ಇಟ್ಟಳು. ಚೀಟಿಯನ್ನು ಅರುಂಧತಿಯ ಕಡೆ ತಿರುಗಿಸಿದಳು.

"ಹೋದ್ ಸಲ ನೀರು ನಂದು, ಹೆಸ್ರು ಅವರ್ದು. ಓದವ್ವ, ಈ ಸಲ ಎರಡೂ ನಂದೇ."