ಗುಬ್ಬಿ ಹತ್ತಿದ ವಿಮಾನ

ಮತ್ತೆ ಸದ್ದು, ಇಂಜಿನ್ನಿನದಲ್ಲ, ಹಲಗೆಗೆ ಗೊರಸು ಬಡಿಯೋ ಸದ್ದು, ಅದು ನನಗೆ ನಿದ್ದೆಯಲ್ಲೂ ಗೊತ್ತಾಗುತ್ತೆ — ಬೆಲ್ಟು ಬಿಚ್ಚಿ ಎದ್ದೆ, ಸರಕು ವಿಮಾನದ ಹೊಟ್ಟೆಯೊಳಗೆ ತಡವರಿಸಿಕೊಂಡು ಬಂದೆ, ಗುಬ್ಬಿ ಬೆವರಿ ಕಪ್ಪಾಗಿದ್ದಾಳೆ, ಇದು ಕಂದು ಕುದುರೆ ಅಂದರೆ ಯಾರೂ ನಂಬಲಿಕ್ಕಿಲ್ಲ, ಹುಟ್ಟಿದ ದಿನ ನಿಲ್ಲಲಾರದೆ ನಡುಗುತ್ತಿದ್ದಳು, ಅದಕ್ಕೇ ಗುಬ್ಬಿ ಅಂತ ಕರೆದವನು ನಾನು, ಈಗ ಏಳಾಳಿನ ತೂಕ, ಹೆಸರು ಮಾತ್ರ ಗುಬ್ಬಿಯೇ, ಮಾರಿದವರು ಲಾಯದ ಯಜಮಾನರು, ತಲುಪಿಸೋ ಕೆಲಸ ನನ್ನದು, ಒಂಬತ್ತು ಸಾವಿರ ಕಿಲೋಮೀಟರು, ಹನ್ನೊಂದು ಗಂಟೆ, ಮಲಗಿ ಎದ್ದರೆ ಊರು ಬಂದಿರುತ್ತೆ ಕಣೋ ಅಂದಿದ್ದರು, ಮಗಳು ಭೂಪಟದ ಮೇಲೆ ಗೇಣು ಹಾಕಿ, ಅಪ್ಪಾ ಒಂದೇ ಗೇಣು, ಗುಬ್ಬಿಗೆ ಕಿಟಕಿ ಪಕ್ಕ ಸೀಟು ಕೊಡ್ತಾರಾ, ನಕ್ಕಿದ್ದೆ ಆಗ — ಕಿಟಕಿಯೇ ಇಲ್ಲ ಮಗಳೇ ಇಲ್ಲಿ, ಆಚೀಚೆ ಅಲುಗದ ಹಾಗೆ ಒಂದು ಪೆಟ್ಟಿಗೆ, ಅದರೊಳಗೆ ಅವಳು, ಹಗ್ಗ ಹಿಡಿದು ಹೊರಗೆ ನಾನು.

ಮಂಪರು ಬರಿಸೋ ಮೊದಲ ಇಂಜೆಕ್ಷನ್ ನಾಟಲಿಲ್ಲ, ಎರಡನೆಯದೂ, ಇಷ್ಟು ಹೆದರಿದ ಮೈಗೆ ಔಷಧಿ ಹತ್ತಲ್ಲಪ್ಪ ಅಂತ ಕುದುರೆಗಳ ಜೊತೆ ಬಂದಿದ್ದ ಡಾಕ್ಟರಮ್ಮ ಕೈ ಒರೆಸಿಕೊಂಡರು, ಪೈಲಟ್ ಬಂದು ನಿಂತಿದ್ದಾರೆ, ಇಳಿಸಿ ಸಾರ್, ಎಲ್ಲಾದರೂ ಇಳಿಸಿ, ಕಾಲು ನೆಲಕ್ಕೆ ಸೋಕಿದರೆ ಸುಮ್ಮನಾಗ್ತಾಳೆ ಅಂದೆ, ಎಲ್ಲಿ ಇಳಿಸಲಿ ಹೇಳು, ಕೆಳಗೆ ಬರೀ ಸಮುದ್ರ, ಹತ್ತಿರದ ನಿಲ್ದಾಣಕ್ಕೇ ಮೂರು ಗಂಟೆ — ಮೂರು ಗಂಟೆ, ಲಾಯದಲ್ಲಾದರೆ ಮೈ ಉಜ್ಜಿ ನೀರು ಕುಡಿಸೋದರೊಳಗೆ ಮುಗಿದುಹೋಗೋ ಹೊತ್ತು, ಇಲ್ಲಿ ಬೆಟ್ಟದ ಹಾಗೆ ಅಡ್ಡ ಬಿದ್ದಿದೆ, ನಾನು ಓಡಿದರೂ ಅಷ್ಟೇ, ಕೂತರೂ ಅಷ್ಟೇ, ಒಂದು ಅಂಗುಲ ಕಮ್ಮಿಯಾಗಲ್ಲ — ಫಟಾರ್, ಹಲಗೆ ಸೀಳಿತು, ಅದರಾಚೆ ವಿಮಾನದ ತೆಳು ಗೋಡೆ, ಗೋಡೆಯಾಚೆ ಏನೂ ಇಲ್ಲ, ಹಿಂದಿನ ಪೆಟ್ಟಿಗೆಗಳಲ್ಲಿದ್ದ ಉಳಿದ ಕುದುರೆಗಳೂ ಒಂದೊಂದಾಗಿ ಕೆನೆಯೋಕೆ ಶುರುಮಾಡಿದವು, ಪೈಲಟ್ ಡಾಕ್ಟರಮ್ಮನ ಮುಖ ನೋಡಿದರು, ಡಾಕ್ಟರಮ್ಮ ನನ್ನ ಮುಖ ನೋಡಲಿಲ್ಲ, ಔಷಧಿ ಪೆಟ್ಟಿಗೆ ತೆರೆದು ಬೇರೆ ಬಾಟಲಿ ತೆಗೆದರು, ಲಾಯದಲ್ಲಿ ಕಾಲು ಮುರಿದ ಕುದುರೆಗೆ ಕೊನೆಗೆ ಚುಚ್ಚೋ ಔಷಧಿ ಅದು.

ನೀನು ಮಾತಾಡ್ತಾ ಇರಪ್ಪ, ನಿನ್ನ ದನಿಗೆ ಮಾತ್ರ ತಲೆ ತಗ್ಗಿಸ್ತಾಳೆ, ಇಲ್ಲದಿದ್ದರೆ ಕತ್ತು ಸಿಗಲ್ಲ ನನಗೆ ಅಂದರು ಡಾಕ್ಟರಮ್ಮ, ಅಯ್ಯೋ, ಬಾಯಿ ಮುಚ್ಚಿಕೊಂಡಿದ್ದರೆ, ಮುಚ್ಚಿಕೊಂಡಿದ್ದರೆ ಏನಾಗುತ್ತಿತ್ತು, ಎಲ್ಲರೂ ಸಮುದ್ರ ಸೇರುತ್ತಿದ್ದೆವು, ಮಗಳು ಗೇಣು ಹಾಕಿದ ಆ ನೀಲಿಯೊಳಗೆ — ಬಂತು ಕಣೇ ಗುಬ್ಬಿ, ಊರು ಬಂತು, ಇನ್ನೇನು ಇಳಿದೇಬಿಟ್ವಿ, ಹುಲ್ಲು ಹಾಕಿಟ್ಟಿದ್ದಾರಂತೆ ನಿನಗೆ, ಅಂದೆ, ನನ್ನ ಬಾಯಿಂದಲೇ ಬಂತು, ಅವಳು ನಂಬಿದಳು, ತಲೆ ತಗ್ಗಿಸಿ ನನ್ನ ಭುಜಕ್ಕೆ ಒರಗಿಸಿದಳು, ಬಿಸಿ ಉಸಿರು, ಸೂಜಿ, ಮೊಣಕಾಲು ಮಡಚಿಕೊಂಡಿತು, ಪೆಟ್ಟಿಗೆಯಲ್ಲಿ ಬೀಳೋಕೂ ಜಾಗ ಸಾಲದೆ ಕೂತ ಹಾಗೆ ಕುಸಿದಳು, ಸಾಕು ನಿಲ್ಲಿಸಪ್ಪ, ಮುಗೀತು ಅಂದರು ಡಾಕ್ಟರಮ್ಮ, ಹೇಗೆ ನಿಲ್ಲಿಸಲಿ, ಕಿವಿ ಇನ್ನೂ ನನ್ನ ಕಡೆಗೇ ಇದೆ, ಬಂತು ಕಣೇ, ಊರು ಬಂತು, ನನ್ನ ಕಡೆಗೇ ತಿರುಗಿರೋ ಆ ಒಂದು ಕಿವಿ, ಇನ್ನೇನು ಇಳಿದೇಬಿಟ್ವಿ, ಆ ಕಿವಿ —